ಶೇಕಡ 650 ಅಂದರೆ ಎಷ್ಟು ಮನೆ?

2005ರ ಮಾರ್ಚ್‌ನಿಂದ 2006ರ ಮಾರ್ಚ್‌ವರೆಗಿನ ಒಂದೇ ವರ್ಷದಲ್ಲಿ ಭಾರತದ ಬ್ರಾಡ್‌ಬ್ಯಾಂಡ್ ಸುಮಾರು ಶೇ 650ರಷ್ಟು ಬೆಳೆಯಿತು. ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ದಕ್ಷಿಣ ಕೊರಿಯಾದ ಬೆಳವಣಿಗೆ ಶೇ 2–3ರ ಆಸುಪಾಸು. ಇಷ್ಟನ್ನೇ ಓದಿ ಪೇಪರ್ ಮಡಚಿಟ್ಟರೆ, ನಾವು ಓಡುತ್ತಿದ್ದೇವೆ, ಕೊರಿಯಾದವರು ಕುಂಟುತ್ತಿದ್ದಾರೆ ಅನ್ನಿಸುತ್ತದೆ.

ಈಗ ಅಂಕಿ ಬಿಡಿಸಿ ನೋಡೋಣ. 2005ರ ಮಾರ್ಚ್‌ನಲ್ಲಿ ಇಡೀ ದೇಶದಲ್ಲಿದ್ದ ಬ್ರಾಡ್‌ಬ್ಯಾಂಡ್ ಸಂಪರ್ಕ ಸುಮಾರು 1.8 ಲಕ್ಷ. ಬಿಎಸ್‌ಎನ್‌ಎಲ್ ತನ್ನ ಬ್ರಾಡ್‌ಬ್ಯಾಂಡ್ ಶುರು ಮಾಡಿದ್ದೇ ಆ ವರ್ಷದ ಜನವರಿಯಲ್ಲಿ. ಮುಂದಿನ ಮಾರ್ಚ್‌ಗೆ ಅದು ಸುಮಾರು 13.5 ಲಕ್ಷ ಆಯಿತು. ಏಳೂವರೆ ಪಟ್ಟು, ಸುಳ್ಳಲ್ಲ. ಆದರೆ 110 ಕೋಟಿ ಜನರಿದ್ದ ದೇಶದಲ್ಲಿ ಅದು ಸಾವಿರ ಜನಕ್ಕೆ ಒಂದು ಚಿಲ್ಲರೆ ಸಂಪರ್ಕ. ಕೊರಿಯಾದಲ್ಲಿ 4.8 ಕೋಟಿ ಜನಕ್ಕೆ 1.2 ಕೋಟಿ, ಅಂದರೆ ನೂರು ಜನಕ್ಕೆ 25. ಹೊಸದಾಗಿ ಸಂಪರ್ಕ ಬೇಕು ಅನ್ನುವ ಮನೆಗಳೇ ಅಲ್ಲಿ ಹೆಚ್ಚು ಉಳಿದಿರಲಿಲ್ಲ.

ಹಿರಿಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ತುಂಬಿದ್ದು ಮತ್ತೆ ತುಂಬಿ ಕೋಡಿ ಬಿದ್ದದ್ದು 2022ರಲ್ಲಿ. ಕೋಡಿ ಬಿದ್ದ ಮೇಲೆ ನೀರಿನ ಮಟ್ಟದ ಏರಿಕೆ ಹೆಚ್ಚೇನೂ ಇರುವುದಿಲ್ಲ. ಹಾಗಂತ ಡ್ಯಾಮಿನಲ್ಲಿ ನೀರಿಲ್ಲ ಎಂದು ಯಾರಾದರೂ ಹೇಳಿದರೇ? ಅದೇ ಒಣಗಿ ಬಿರುಕು ಬಿಟ್ಟ ಊರ ಕೆರೆಯಲ್ಲಿ ಒಂದಡಿ ಇದ್ದ ನೀರು ಮೂರಡಿ ಆದರೆ ಶೇ 200ರ ಏರಿಕೆ. ಆ ನೀರಿನಲ್ಲಿ ಒಂದು ತೋಟವೂ ಉಳಿಯುವುದಿಲ್ಲ.

ಲೆಕ್ಕ ದೊಡ್ಡದಾಗಿ ಕಾಣುವ ಈ ರೋಗ ಬ್ರಾಡ್‌ಬ್ಯಾಂಡ್‌ಗಿಂತ ಹಳೆಯದು. 1986ರಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನಿನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ನಡೆಯತೊಡಗಿದ್ದು ನಮ್ಮ ರಾಜ್ಯದ ಕಿತ್ತೂರಿನಲ್ಲೇ. ಆಮೇಲೆ 1994ರ ಟೆಲಿಕಾಂ ನೀತಿ 1997ರೊಳಗೆ ಎಲ್ಲ ಹಳ್ಳಿಗೂ ಫೋನ್ ಎಂದಿತು. ಗಡುವು ತಪ್ಪಿತು, 1999ರ ನೀತಿ ಅದನ್ನು 2002ಕ್ಕೆ ತಳ್ಳಿತು. ಆಗ ಊರಿಗೆ ಒಂದು ಸಾರ್ವಜನಿಕ ಫೋನ್ ಬಂದರೆ ಸಾಕು, ಇಡೀ ಊರು ಲೆಕ್ಕಕ್ಕೆ ಸೇರುತ್ತಿತ್ತು. ಆ ಫೋನ್ ಇರುವ ಮನೆಯವರು ಬಾಗಿಲು ಹಾಕಿಕೊಂಡು ಜಾತ್ರೆಗೆ ಹೋದರೂ ಸರ್ಕಾರದ ಪುಸ್ತಕದಲ್ಲಿ ಊರಿಗೆ ಫೋನ್ ಇದೆ.

2004ರ ಅಕ್ಟೋಬರ್‌ನಲ್ಲಿ ಬ್ರಾಡ್‌ಬ್ಯಾಂಡ್ ನೀತಿ ಬಂತು. 256 ಕೆಬಿಪಿಎಸ್ ವೇಗ ಸಿಕ್ಕರೆ ಅದು ಬ್ರಾಡ್‌ಬ್ಯಾಂಡ್. 2010ರ ಹೊತ್ತಿಗೆ 2 ಕೋಟಿ ಸಂಪರ್ಕ ಗುರಿ. ನಡುವಿನ ವರ್ಷಗಳಲ್ಲಿ ಶೇಕಡಾವಾರು ಬೆಳವಣಿಗೆ ಭರ್ಜರಿಯಾಗಿಯೇ ಇತ್ತು. 2010ರ ಡಿಸೆಂಬರ್‌ನಲ್ಲಿ ಎಣಿಸಿದಾಗ ಸಿಕ್ಕಿದ್ದು ಸುಮಾರು 1.1 ಕೋಟಿ, ಗುರಿಯ ಅರ್ಧಕ್ಕಿಂತ ಚೂರು ಹೆಚ್ಚು. ಅದೂ ಬಹುಪಾಲು ಪಟ್ಟಣಗಳಲ್ಲಿ. ಕಾರಣ ಸರಳ: ಆಗಿನ ಬ್ರಾಡ್‌ಬ್ಯಾಂಡ್ ಬರುತ್ತಿದ್ದದ್ದು ಲ್ಯಾಂಡ್‌ಲೈನ್‌ನ ತಾಮ್ರದ ತಂತಿಯಲ್ಲಿ. ಎಕ್ಸ್‌ಚೇಂಜ್‌ನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ವೇಗ ಸೋರಿಹೋಗುತ್ತದೆ. ಪೇಟೆಯ ಮನೆಗೆ ಸರಿ. ಹೊಸದುರ್ಗ ತಾಲ್ಲೂಕಿನಲ್ಲಿ ತೋಟದ ಮನೆ ಮಾಡಿಕೊಂಡವರಿಗೆ ಅದು ಕನಸೇ.

ಮುಂದಿನದು ನಮಗೆ ಬಹಳ ಇಷ್ಟವಾದ ಅಂಕಿ. 2013ರ ಮಾರ್ಚ್‌ನಲ್ಲಿ ದೇಶದ ಬ್ರಾಡ್‌ಬ್ಯಾಂಡ್ ಸುಮಾರು 1.5 ಕೋಟಿ, 2014ರ ಮಾರ್ಚ್‌ನಲ್ಲಿ ಸುಮಾರು 6 ಕೋಟಿ. ಹನ್ನೆರಡೇ ತಿಂಗಳಲ್ಲಿ ನಾಲ್ಕು ಪಟ್ಟು! ಆ ವರ್ಷ ನಾಲ್ಕು ಪಟ್ಟು ತಂತಿ ಎಲ್ಲಿಯೂ ಬೀಳಲಿಲ್ಲ. ಆದದ್ದು ಏನೆಂದರೆ ಎಣಿಸುವ ರೀತಿಯೇ ಬದಲಾಯಿತು. ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ಗೆ ಏರಿಸಿದರು, ಜೊತೆಗೆ ಮೊಬೈಲ್ ಮತ್ತು ಡಾಂಗಲ್‌ನಲ್ಲಿ ನೆಟ್ ಬಳಸುವವರನ್ನೂ ಅದೇ ಪಟ್ಟಿಗೆ ಸೇರಿಸಿದರು. ಮೊಬೈಲ್ ಸೇರಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ, ಹಳ್ಳಿಗೆ ನೆಟ್ ಬಂದದ್ದೇ ಮೊಬೈಲ್‌ನಲ್ಲಿ. ಆದರೆ ಹಿಂದಿನ ವರ್ಷದ್ದು ರಾಗಿ, ಈ ವರ್ಷದ್ದು ರಾಗಿ ಜೋಳ ಎರಡೂ ಸೇರಿಸಿದ್ದು. ಇಳುವರಿ ಹೋಲಿಸುವಾಗ ಅದನ್ನು ಹೇಳಬೇಕಲ್ಲವೇ?

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಇಲ್ಲಿಂದ ಮುಂದಿನ ಬೆಳವಣಿಗೆ ಕಾಗದದ ಮೇಲಿನದಷ್ಟೇ ಅಲ್ಲ, ನಿಜವಾದದ್ದೂ ಹೌದು. ಹೊಲದ ಬದುವಿನಲ್ಲಿ ಕೂತು ಅಡಿಕೆ ಧಾರಣೆ ನೋಡುವುದು ಹೊಳಲ್ಕೆರೆ ಕಡೆ ಈಗ ಸುದ್ದಿಯೇ ಅಲ್ಲ. ಆದರೂ 2018ರ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಡಿ. ಆ ವರ್ಷದ ಮಾರ್ಚ್‌ನಲ್ಲಿ ಟ್ರಾಯ್ ಎಣಿಸಿದ ಬ್ರಾಡ್‌ಬ್ಯಾಂಡ್ ಸಂಪರ್ಕ ಸುಮಾರು 41 ಕೋಟಿ. 2011ರ ಜನಗಣತಿಯಲ್ಲಿ ದೇಶದ ಕುಟುಂಬಗಳೇ ಸುಮಾರು 25 ಕೋಟಿ. ಹಾಗಾದರೆ ಮನೆಗೆ ಒಂದಕ್ಕಿಂತ ಹೆಚ್ಚು ಬರಬೇಕಿತ್ತು. ಆದರೆ 2017–18ರಲ್ಲಿ ಮನೆಮನೆಗೆ ಹೋಗಿ ಕೇಳಿದ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಸಿಕ್ಕ ಉತ್ತರ: ನೆಟ್ ಸೌಲಭ್ಯ ಇರುವುದು ನಗರದ ಶೇ 42ರಷ್ಟು ಮನೆಗಳಲ್ಲಿ, ಹಳ್ಳಿಯ ಸುಮಾರು ಶೇ 15ರಷ್ಟು ಮನೆಗಳಲ್ಲಿ.

ಎರಡೂ ಸರ್ಕಾರಿ ಲೆಕ್ಕಗಳೇ. ಒಂದು ಸಿಮ್ ಎಣಿಸಿತು, ಇನ್ನೊಂದು ಮನೆ ಎಣಿಸಿತು. ನಗರದ ಒಂದು ಮನೆಯಲ್ಲಿ ನಾಲ್ಕು ಫೋನ್, ಒಂದು ವೈಫೈ ಇದ್ದರೆ ಐದು ಸಂಪರ್ಕ. ಹಳ್ಳಿಯ ನಾಲ್ಕು ಮನೆಯಲ್ಲಿ ಒಂದೂ ಇಲ್ಲದಿದ್ದರೂ ಸರಾಸರಿ ಮನೆಗೊಂದು ಬಂತು.

ಇದರ ಬೆಲೆ ತೆತ್ತವರು ಮಕ್ಕಳು. 2020ರ ಸೆಪ್ಟೆಂಬರ್ ಹೊತ್ತಿಗೆ ದೇಶದ ಬ್ರಾಡ್‌ಬ್ಯಾಂಡ್ 72 ಕೋಟಿ ದಾಟಿತ್ತು. ಅದೇ ಸಮಯದಲ್ಲಿ ನಮ್ಮ ರಾಜ್ಯದಲ್ಲಿ ವಿದ್ಯಾಗಮ ನಡೆಯುತ್ತಿತ್ತು. ಶಾಲೆ ಮುಚ್ಚಿದ್ದರಿಂದ ಮೇಷ್ಟ್ರು, ಮೇಡಂಗಳು ಊರಿಗೇ ಹೋಗಿ ದೇವಸ್ಥಾನದ ಕಟ್ಟೆ, ಮರದ ನೆರಳಲ್ಲಿ ಪಾಠ ಮಾಡಿದರು. ಆನ್‌ಲೈನ್ ಪಾಠ ಎಲ್ಲ ಮಕ್ಕಳಿಗೂ ಮುಟ್ಟುವುದಿಲ್ಲ ಎಂದು ಸರ್ಕಾರಕ್ಕೇ ಗೊತ್ತಿತ್ತು. ಕೊರೊನಾ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ನಮ್ಮ ಜಿಲ್ಲೆಯ ಲೆಕ್ಕ ಎಷ್ಟು ಎಂದು ನೀವು ಕೇಳಬಹುದು. ಮೂರು ತಿಂಗಳಿಗೊಮ್ಮೆ ಬರುವ ಟ್ರಾಯ್ ವರದಿ ಸರ್ಕಲ್‌ವಾರು ಇರುತ್ತದೆ. ಮುಂಬೈ, ದೆಹಲಿ, ಕೋಲ್ಕತ್ತಗಳಿಗೆ ಬೇರೆ ಸರ್ಕಲ್ ಇದೆ, ಬೆಂಗಳೂರಿಗಿಲ್ಲ. ಐಟಿ ಕಂಪನಿಗಳ ಬೀದಿಯೂ ಹೊಸದುರ್ಗದ ಗೊಲ್ಲರಹಟ್ಟಿಯೂ ಒಂದೇ ಕರ್ನಾಟಕ ಸರ್ಕಲ್. ಹೆದ್ದಾರಿ 48ರ ಮೇಲಿರುವ ಹಿರಿಯೂರು, ಚಿತ್ರದುರ್ಗಕ್ಕೂ ಹೆದ್ದಾರಿ ಬಿಟ್ಟು ಗುಡ್ಡದ ಹಿಂದಕ್ಕೆ ಹೋದರೆ ಸಿಗುವ ಊರಿಗೂ ಇರುವ ಅಂತರ ಅದರಲ್ಲಿ ಕಾಣುವುದೇ ಇಲ್ಲ. ಅದು ಕಾಣುವುದು ನ್ಯಾಯಬೆಲೆ ಅಂಗಡಿ ಮುಂದೆ, ಹೆಬ್ಬೆಟ್ಟು ಒತ್ತಿ ಒತ್ತಿ ಸಾಕಾದ ಅಜ್ಜಿಯ ಮುಖದಲ್ಲಿ.

ಭಾರತ್‌ನೆಟ್ ಕಥೆಯೂ ಇದೇ ಜಾಡಿನದು. 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕ ಯೋಜನೆ, ಗುರಿ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿ. ಮೊದಲ ಒಂದು ಲಕ್ಷ ಮುಗಿಯುವಷ್ಟರಲ್ಲಿ 2017ರ ಡಿಸೆಂಬರ್ ಆಗಿತ್ತು. ಕೇಬಲ್ ಪಂಚಾಯಿತಿ ಆಫೀಸಿಗೆ ಮುಟ್ಟಿದರೆ ಪಂಚಾಯಿತಿ ಸಿದ್ಧ ಎಂದು ಲೆಕ್ಕ. ಆ ಪಂಚಾಯಿತಿಗೆ ಸೇರಿದ ಐದಾರು ಹಳ್ಳಿ, ಹಟ್ಟಿಗಳ ಮಾತು ಬೇರೆ. ಹಳೆಯ ಊರಿಗೊಂದು ಫೋನ್ ನೆನಪಾಗುತ್ತದೆ.

2023ರಲ್ಲಿ ಎರಡು ಬದಲಾವಣೆ ಆದವು. ಜನವರಿಯಲ್ಲಿ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗ 2 ಎಂಬಿಪಿಎಸ್ ಆಯಿತು. ಆಗಸ್ಟ್‌ನಲ್ಲಿ ಭಾರತ್‌ನೆಟ್‌ನ ಮುಂದಿನ ಹಂತಕ್ಕೆ ಸುಮಾರು 1.39 ಲಕ್ಷ ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು, ಐದು ವರ್ಷದಲ್ಲಿ ಹಳ್ಳಿಗಳ 1.5 ಕೋಟಿ ಮನೆಗೆ ಫೈಬರ್ ಎಂಬ ಗುರಿಯೊಂದಿಗೆ. ಈ ಗುರಿಯಲ್ಲಿ ಕೊನೆಗೂ ಮನೆ ಎಂಬ ಮಾತು ಬಂದಿದೆ. ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಪಿಡಿಒ ಅವರನ್ನು ಎರಡೇ ಪ್ರಶ್ನೆ ಕೇಳಿ: ನಮ್ಮ ಪಂಚಾಯಿತಿಗೆ ಕೇಬಲ್ ಬಂದದ್ದು ಯಾವ ವರ್ಷ, ಈ ತಿಂಗಳು ಅದರಿಂದ ನೆಟ್ ನಡೆಯುತ್ತಿರುವ ಮನೆ ಎಷ್ಟು? ಸಿಕ್ಕ ಉತ್ತರವನ್ನು ನಮಗೂ ಕಳಿಸಿ, ನಾಲ್ಕೂ ತಾಲ್ಲೂಕಿನದ್ದು ಸೇರಿಸಿ ಊರಿನ ಹೆಸರು ಸಮೇತ ಹಾಕುತ್ತೇವೆ.