ಸಾಣೆಯಂತ್ರದ ಮೇಲಿನ ಬಿಲ್ಲೆ: ದೂರದರ್ಶಕದ ಕನ್ನಡಿಯನ್ನು ಹೊತ್ತ ಆಸರೆಗಳ ಇತಿಹಾಸ

ದೂರದರ್ಶಕಗಳ ಇತಿಹಾಸವನ್ನು ಬರೆದವರು ಕನ್ನಡಿಯ ವ್ಯಾಸವನ್ನೂ ಅದರ ಮೂಲಕ ಕಂಡ ಗ್ರಹ, ನೀಹಾರಿಕೆಗಳನ್ನೂ ಶ್ರದ್ಧೆಯಿಂದ ದಾಖಲಿಸಿದ್ದಾರೆ; ಆದರೆ ಆ ಕನ್ನಡಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಸಾಣೆಯಂತ್ರದ ಮೇಲೆ ರೂಪುಗೊಳ್ಳುತ್ತಿದ್ದಾಗ ಅದರ ಭಾರವನ್ನು ಹೊತ್ತದ್ದು ಯಾವುದು, ಪಕ್ಕಕ್ಕೆ ಜಾರದಂತೆ ತಡೆದದ್ದು ಯಾವುದು ಎಂಬ ಪ್ರಶ್ನೆಗೆ ಹೆಚ್ಚಿನ ಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳ ಉತ್ತರ ಮಾತ್ರ ದೊರೆಯುತ್ತದೆ. ಇದು ದೊಡ್ಡ ಕೊರತೆ. ಕಳೆದ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಕನ್ನಡಿಗಳು ಎಷ್ಟು ದೊಡ್ಡದಾಗಿ ಬೆಳೆದವು ಎಂಬುದನ್ನು ಉಜ್ಜುವ ಪುಡಿಯ ಗುಣಕ್ಕಿಂತ, ಯಂತ್ರದ ವೇಗಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಬಿಲ್ಲೆಯ ಅಡಿಯಲ್ಲಿದ್ದ ಆಸರೆ. ಹೊಂದಿಸಿಕೊಳ್ಳಬಹುದಾದ, ಬಿಲ್ಲೆಯ ಆಕಾರವನ್ನು ಕೆಡಿಸದೆ ಅದನ್ನು ನೆಲೆನಿಲ್ಲಿಸುವ ಆಸರೆ.

ಕನ್ನಡಿ ತಯಾರಿಕೆಯ ಮೂಲ ಕ್ರಮ ಸರಳವಾದುದು. ಲೋಹದ ಅಥವಾ ಗಾಜಿನ ದಪ್ಪ ಬಿಲ್ಲೆಯೊಂದನ್ನು ಮೇಲ್ಮುಖವಾಗಿ ಇಟ್ಟು, ಅದರ ಮೇಲೆ ಇನ್ನೊಂದು ಬಿಲ್ಲೆಯನ್ನು ಎಮರಿ ಪುಡಿ ಮತ್ತು ನೀರಿನೊಂದಿಗೆ ಹಿಂದೆಮುಂದೆ ಓಡಿಸುತ್ತ, ಎರಡನ್ನೂ ನಿಧಾನವಾಗಿ ತಿರುಗಿಸುತ್ತ ಹೋದರೆ ಒಂದು ತಗ್ಗಾಗಿಯೂ ಮತ್ತೊಂದು ಉಬ್ಬಾಗಿಯೂ ಸವೆದು, ಎರಡೂ ಒಂದೇ ಗೋಳದ ಭಾಗಗಳಾಗುತ್ತವೆ. ಅನಂತರ ಪಿಚ್ ಎಂಬ ಮೆತುವಾದ ರಾಳವನ್ನು ಹಚ್ಚಿದ ಉಪಕರಣದಿಂದ, ರೂಜ್ ಎಂಬ ಕೆಂಪು ಕಬ್ಬಿಣದ ಆಕ್ಸೈಡಿನ ನಯವಾದ ಪುಡಿಯನ್ನು ಬಳಸಿ ಮೆರುಗು ಕೊಡಲಾಗುತ್ತದೆ, ಮತ್ತು ಕೊನೆಗೆ ಆ ಗೋಳಾಕಾರವನ್ನು ಪರವಲಯಕ್ಕೆ, ಎಂದರೆ ದೂರದ ನಕ್ಷತ್ರದ ಕಿರಣಗಳನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸುವ ಆಕಾರಕ್ಕೆ, ತಿದ್ದಲಾಗುತ್ತದೆ. ಕಷ್ಟವಿರುವುದು ನಿಖರತೆಯಲ್ಲಿ. ಹಸಿರು ಬೆಳಕಿನ ಅಲೆಯುದ್ದ ಸುಮಾರು 550 ನ್ಯಾನೊಮೀಟರ್. ಪ್ರತಿಫಲನದಲ್ಲಿ ಮೇಲ್ಮೈಯ ದೋಷ ಇಮ್ಮಡಿಯಾಗುವುದರಿಂದ, ಒಳ್ಳೆಯ ಕನ್ನಡಿಯ ಮೈ ಇರಬೇಕಾದ ಆಕಾರದಿಂದ 70 ನ್ಯಾನೊಮೀಟರಿಗಿಂತ, ಎಂದರೆ ಒಂದು ಮಿಲಿಮೀಟರಿನ ಹದಿನಾಲ್ಕು ಸಾವಿರದ ಒಂದು ಭಾಗಕ್ಕಿಂತ, ಹೆಚ್ಚು ಆಚೀಚೆಯಾಗಬಾರದು. ಈ ಅಳತೆಯಲ್ಲಿ ನೋಡಿದರೆ ಗಾಜಾಗಲಿ ಲೋಹವಾಗಲಿ ಗಟ್ಟಿ ವಸ್ತುವಲ್ಲ. ಅಂಚನ್ನು ಬಿಗಿಯಾಗಿ ಕಚ್ಚಿ ಹಿಡಿದರೆ ಬಿಲ್ಲೆ ಬಾಗುತ್ತದೆ, ಅಡಿಯಲ್ಲಿ ಮೂರು ಗಟ್ಟಿ ಗುಬುಟುಗಳ ಮೇಲೆ ಕೂರಿಸಿದರೆ ಅವುಗಳ ನಡುವೆ ಜೋಲುತ್ತದೆ, ರಾಳ ಹಚ್ಚಿ ಪೀಠಕ್ಕೆ ಅಂಟಿಸಿದರೆ ರಾಳ ತಣಿದು ಕುಗ್ಗುವಾಗ ಅದರೊಡನೆ ಸೆಳೆಯಲ್ಪಡುತ್ತದೆ. ಹೀಗೆ ಬಾಗಿದ ಸ್ಥಿತಿಯಲ್ಲೇ ಯಂತ್ರವು ಅದಕ್ಕೆ ಸರಿಯಾದ ಆಕಾರ ಕೊಟ್ಟರೂ, ಹಿಡಿತ ಸಡಿಲಿಸಿದ ಕ್ಷಣ ಬಿಲ್ಲೆ ತನ್ನ ಸಹಜ ಸ್ಥಿತಿಗೆ ಮರಳಿ, ಕೊಟ್ಟ ಆಕಾರ ಕೆಟ್ಟುಹೋಗುತ್ತದೆ.

ಈ ತೊಡಕು ಕನ್ನಡಿಗಷ್ಟೇ ಸೀಮಿತವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಉಕ್ಕಿನ ಬಿಲ್ಲೆಗಳನ್ನೂ ಪಿಸ್ಟನ್ ಉಂಗುರಗಳನ್ನೂ ಸಾಣೆಯಂತ್ರದ ಮೇಲೆ ಹಿಡಿಯಲು ಕಾಂತದ ಚಕ್ ಬಳಕೆಗೆ ಬಂದಾಗ, ತೆಳುವಾದ ಸೊಟ್ಟ ಬಿಲ್ಲೆಯನ್ನು ಕಾಂತವು ಮಟ್ಟಸವಾಗಿ ಸೆಳೆದು ಹಿಡಿಯುತ್ತಿತ್ತು, ಸಾಣೆಯ ಕಲ್ಲು ಅದನ್ನು ಮಟ್ಟಸವಾಗಿಯೇ ಅರೆಯುತ್ತಿತ್ತು, ಕಾಂತವನ್ನು ಆರಿಸಿದೊಡನೆ ಬಿಲ್ಲೆ ಮತ್ತೆ ಸೊಟ್ಟಗಾಗುತ್ತಿತ್ತು. ಬಿಲ್ಲೆಯ ಅಡಿಯ ಸಂದಿಗಳಿಗೆ ತೆಳುವಾದ ಕಾಗದ ಅಥವಾ ತಗಡಿನ ಚೂರುಗಳನ್ನು ತುಂಬಿ, ಕಾಂತಕ್ಕೆ ಎಳೆಯುವ ಅವಕಾಶ ಕೊಡದೆ ಹಿಡಿಯುವುದನ್ನು ಯಂತ್ರಗೆಲಸದವರು ಇಂದಿಗೂ ಕಲಿಯುತ್ತಾರೆ. ಆದರೂ ಈ ಸಮಸ್ಯೆಯನ್ನು ಮೊದಲು ಎದುರಿಸಿದವರು, ಅದರ ಆಳಕ್ಕಿಳಿದವರು ಕನ್ನಡಿಕಾರರೇ.

ಇಂಗ್ಲೆಂಡಿನಲ್ಲಿ ನೆಲೆಸಿದ್ದ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದದ್ದು ತಾನೇ ಉಜ್ಜಿದ ಆರು ಅಂಗುಲ ಚಿಲ್ಲರೆಯ ಕನ್ನಡಿಯಿಂದ. ಆ ಕಾಲದ ಕನ್ನಡಿಗಳು ತಾಮ್ರ ಮತ್ತು ತವರದ ಮಿಶ್ರಣವಾದ ಸ್ಪೆಕ್ಯುಲಮ್ ಲೋಹದವು; ಬೆಳ್ಳಗೆ ಹೊಳೆಯುವ, ಆದರೆ ಪೆಡಸಾದ ಲೋಹ ಅದು. ಸಣ್ಣ ಕನ್ನಡಿಗೆ ಕೈಯ ಒತ್ತಡ, ಮರದ ಕಂಬ ಮತ್ತು ತಾಳ್ಮೆ ಸಾಕಾಗಿದ್ದವು. 48 ಅಂಗುಲದ ಕನ್ನಡಿಗೆ ಕೈಹಾಕಿದಾಗ ಹರ್ಷೆಲ್ ಮೊದಲು ಎರಕ ಹೊಯ್ಯಿಸಿದ ಬಿಲ್ಲೆ ತೆಳುವಾಗಿದ್ದು, ತನ್ನ ಭಾರಕ್ಕೆ ತಾನೇ ಬಾಗಿ ಆಕಾರವನ್ನು ಉಳಿಸಿಕೊಳ್ಳದೆ ಹೋಯಿತು. ಇದಕ್ಕೆ ಆತ ಕಂಡುಕೊಂಡ ಪರಿಹಾರ ಹೆಚ್ಚು ದಪ್ಪದ, ಮೊದಲನೆಯದಕ್ಕಿಂತ ಸುಮಾರು ಎರಡು ಪಟ್ಟು ತೂಕದ ಇನ್ನೊಂದು ಬಿಲ್ಲೆ. ಅದನ್ನು ಉಜ್ಜಲು ಯಂತ್ರವನ್ನೂ ಕಟ್ಟಿ, 1789ರಲ್ಲಿ ತನ್ನ ಪ್ರಸಿದ್ಧ ನಲವತ್ತು ಅಡಿ ಉದ್ದದ ದೂರದರ್ಶಕವನ್ನು ಆತ ಪೂರೈಸಿದ. ಆಸರೆಯ ಕೊರತೆಯನ್ನು ದಪ್ಪದಿಂದ ತುಂಬುವ ಈ ದಾರಿ ಹೆಚ್ಚು ದೂರ ಸಾಗುವಂಥದ್ದಲ್ಲ. ಬಿಲ್ಲೆಯ ಬಾಗು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ, ದಪ್ಪದ ವರ್ಗಕ್ಕೆ ಅನುಗುಣವಾಗಿ ಕಡಿಮೆಯಾಗುತ್ತದೆ: ದಪ್ಪವನ್ನು ಬದಲಿಸದೆ ವ್ಯಾಸವನ್ನು ಇಮ್ಮಡಿಗೊಳಿಸಿದರೆ ಬಾಗು ಹದಿನಾರು ಪಟ್ಟಾಗುತ್ತದೆ, ದಪ್ಪವನ್ನೂ ಇಮ್ಮಡಿಗೊಳಿಸಿದರೆ ತೂಕ ಎಂಟು ಪಟ್ಟಾದರೂ ಬಾಗು ಇನ್ನೂ ನಾಲ್ಕು ಪಟ್ಟು ಉಳಿದಿರುತ್ತದೆ.

ನಿಜವಾದ ತಿರುವು ಬಂದದ್ದು ಐರ್ಲೆಂಡಿನಲ್ಲಿ. ಪಾರ್ಸನ್ಸ್‌ಟೌನಿನ, ಎಂದರೆ ಇಂದಿನ ಬರ್ ಪಟ್ಟಣದ, ಕೋಟೆಯೊಡೆಯರಾಗಿದ್ದ ವಿಲಿಯಂ ಪಾರ್ಸನ್ಸ್, ಮುಂದೆ ಮೂರನೆಯ ರಾಸ್ ಪ್ರಭು ಎಂದು ಹೆಸರಾದವರು, 1820ರ ದಶಕದ ಕೊನೆಯ ವೇಳೆಗೇ ಉಗಿಯಂತ್ರದಿಂದ ನಡೆಯುವ ಸಾಣೆ ಮತ್ತು ಮೆರುಗಿನ ಯಂತ್ರವನ್ನು ಕಟ್ಟಿದರು. ಅದರಲ್ಲಿ ಬಿಲ್ಲೆ ಮೇಲ್ಮುಖವಾಗಿ ನೀರಿನ ತೊಟ್ಟಿಯೊಂದರಲ್ಲಿ ಕುಳಿತು ನಿಧಾನವಾಗಿ ತಿರುಗುತ್ತಿತ್ತು. ಉಜ್ಜುವುದರಿಂದ ಹುಟ್ಟುವ ಬಿಸಿಯಿಂದ ಲೋಹ ಅಸಮವಾಗಿ ಹಿಗ್ಗದಂತೆ ನೀರು ಅದರ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಇಡುತ್ತಿತ್ತು. ಮೇಲಿನಿಂದ ಓಡಾಡುವ ಮೆರುಗಿನ ಉಪಕರಣದ ಭಾರವನ್ನು ಸನ್ನೆಕೋಲಿನ ಇನ್ನೊಂದು ತುದಿಗೆ ಕಟ್ಟಿದ ತೂಕಗಳು ಹಗುರಗೊಳಿಸುತ್ತಿದ್ದವು, ಆ ತೂಕಗಳನ್ನು ಬೇಕಾದಂತೆ ಹೊಂದಿಸಬಹುದಾಗಿತ್ತು. ಇದಕ್ಕಿಂತಲೂ ಜಾಣತನದ ಏರ್ಪಾಡು ಪರೀಕ್ಷೆಯದು: ಯಂತ್ರವಿದ್ದ ಗೋಪುರದ ಮೇಲ್ಗಡೆ ಗಡಿಯಾರದ ಮುಖವೊಂದನ್ನು ತೂಗುಹಾಕಿ, ನಡುವಿನ ಮಹಡಿಗಳ ಬಾಗಿಲುಗಳನ್ನು ತೆರೆದು, ಕನ್ನಡಿಯನ್ನು ಅದರ ಆಸನದಿಂದ ಕದಲಿಸದೆಯೇ ಅದರ ಬಿಂಬವನ್ನು ನೋಡಿ ಆಕಾರದ ಗುಣವನ್ನು ತಿಳಿಯುತ್ತಿದ್ದರು. ಆಸರೆಯಿಂದ ಎತ್ತಿ ಬೇರೆ ಆಸರೆಯ ಮೇಲೆ ಇಟ್ಟ ಕನ್ನಡಿ ಹಿಂದಿನ ಕನ್ನಡಿಯಾಗಿ ಉಳಿಯುವುದಿಲ್ಲ ಎಂಬ ತಿಳಿವಳಿಕೆ ಈ ಏರ್ಪಾಡಿನ ಹಿಂದೆ ಸ್ಪಷ್ಟವಾಗಿದೆ.

ರಾಸ್ ಪ್ರಭುವಿನ ಆರು ಅಡಿ ವ್ಯಾಸದ, ಸುಮಾರು ಮೂರು ಟನ್ ತೂಕದ ಕನ್ನಡಿಯ ಎರಕ 1842ರಲ್ಲಿ ನಡೆಯಿತು. 1845ರಲ್ಲಿ ಅದರಿಂದಲೇ ಎಂ 51 ಎಂಬ ನೀಹಾರಿಕೆಯ ಸುರುಳಿಯಾಕಾರ ಮೊದಲ ಬಾರಿಗೆ ಕಂಡಿತು. ಈ ಭಾರವನ್ನು ಹೊತ್ತದ್ದು ಡಬ್ಲಿನ್ನಿನ ಯಂತ್ರಶಿಲ್ಪಿ ಥಾಮಸ್ ಗ್ರಬ್ ರೂಪಿಸಿದ ಸನ್ನೆಗಳ ಏರ್ಪಾಡು. 1835ರಲ್ಲಿ ಆರ್ಮಾ ವೀಕ್ಷಣಾಲಯಕ್ಕಾಗಿ ಮಾಡಿಕೊಟ್ಟ 15 ಅಂಗುಲದ ದೂರದರ್ಶಕದಲ್ಲಿ ಗ್ರಬ್ ಇದನ್ನು ಬಳಸಿದ್ದರು. ಮೂರು ಬಿಂದುಗಳ ಮೇಲೆ ನಿಂತ ಯಾವ ವಸ್ತುವೂ ಅಲುಗಾಡದು, ನಾಲ್ಕನೆಯದನ್ನು ಸೇರಿಸಿದರೆ ಒಂದಲ್ಲ ಒಂದು ಬಿಂದು ಭಾರ ಹೊರದೆ ಉಳಿಯುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಗ್ರಬ್ ಆ ಮೂರು ಬಿಂದುಗಳ ಪ್ರತಿಯೊಂದರ ಮೇಲೂ ಎತ್ತ ಬೇಕಾದರೂ ವಾಲಬಲ್ಲ ತ್ರಿಕೋನದ ತಟ್ಟೆಯೊಂದನ್ನು ಇಟ್ಟರು. ಆ ತ್ರಿಕೋನದ ಪ್ರತಿ ಮೂಲೆಯ ಮೇಲೂ ಅಂಥದೇ ಇನ್ನೊಂದು ಚಿಕ್ಕ ತ್ರಿಕೋನವನ್ನು ಇಟ್ಟಾಗ ಮೂರು ಒಂಬತ್ತಾಗಿ, ಒಂಬತ್ತು ಇಪ್ಪತ್ತೇಳಾಗಿ ಭಾರ ಹಂಚಿಹೋಯಿತು. ಕನ್ನಡಿಯ ಬೆನ್ನು ಸ್ವಲ್ಪ ಏರುತಗ್ಗಾಗಿದ್ದರೂ ತ್ರಿಕೋನಗಳು ತಾವಾಗಿಯೇ ವಾಲಿ ಅದಕ್ಕೆ ಹೊಂದಿಕೊಳ್ಳುವುದರಿಂದ ಪ್ರತಿ ಬಿಂದುವೂ ತನ್ನ ಪಾಲಿನ ಭಾರವನ್ನಷ್ಟೇ ಹೊರುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಯಾರೂ ತಿರುಪು ತಿರುಗಿಸಿ ಸರಿಪಡಿಸಬೇಕಾಗಿಲ್ಲದ ಈ ಹೊಂದಾಣಿಕೆಯನ್ನು 19ನೆಯ ಶತಮಾನದ ಯಂತ್ರಕಲೆಯ ಅತ್ಯಂತ ಚೆಲುವಾದ ಕಲ್ಪನೆಗಳಲ್ಲಿ ಒಂದೆಂದು ಎಣಿಸಬೇಕು. ಹವ್ಯಾಸಿಗಳು ಮನೆಯಲ್ಲಿ ಕಟ್ಟುವ ದೂರದರ್ಶಕಗಳ ಕನ್ನಡಿಯ ಕೆಳಗೆ ಇಂದಿಗೂ ಇರುವುದು ಇದೇ. ಅದೇ ಕಾಲದಲ್ಲಿ ಲಿವರ್‌ಪೂಲಿನ ವಿಲಿಯಂ ಲ್ಯಾಸೆಲ್, ಜೇಮ್ಸ್ ನಾಸ್ಮಿತ್ ಕಟ್ಟಿಕೊಟ್ಟ ಯಂತ್ರದಲ್ಲಿ 24 ಅಂಗುಲದ ಕನ್ನಡಿಗೆ ಮೆರುಗು ಕೊಟ್ಟು, 1846ರಲ್ಲಿ ನೆಪ್ಚೂನಿನ ಉಪಗ್ರಹ ಟ್ರೈಟನ್ನನ್ನು ಕಂಡರು. ಕನ್ನಡಿ ವಾಲಿದಂತೆಲ್ಲ ತಳ್ಳುವ ಬಲವನ್ನು ತಾನಾಗಿಯೇ ಬದಲಿಸಿಕೊಳ್ಳುವ, ತೂಕ ಕಟ್ಟಿದ ಸನ್ನೆಗಳನ್ನು ಆಸರೆಗೆ ತಂದ ಹಿರಿಮೆಯೂ ಅವರದು.

1850ರ ದಶಕದ ಉತ್ತರಾರ್ಧದಲ್ಲಿ ಗಾಜಿನ ಮೇಲೆ ಬೆಳ್ಳಿಯ ತೆಳುಪದರ ಹಚ್ಚುವ ವಿಧಾನ ಬಂದ ಮೇಲೆ ಸ್ಪೆಕ್ಯುಲಮ್ ಲೋಹ ಹಿಂದೆ ಸರಿಯಿತು. 1858ರಲ್ಲಿ ಲಿಯೋನ್ ಫೂಕೊ ರೂಪಿಸಿದ ಅಲಗಿನ ಪರೀಕ್ಷೆಯಿಂದ ಆಕಾರದ ಅತಿಸೂಕ್ಷ್ಮ ದೋಷಗಳೂ ಕಣ್ಣಿಗೆ ಬೀಳತೊಡಗಿದವು. ಆಸರೆಯ ತಪ್ಪುಗಳು ಬಯಲಾದದ್ದೂ ಈ ಪರೀಕ್ಷೆಯಿಂದಲೇ. ಅಮೆರಿಕದ ಜಾರ್ಜ್ ರಿಚಿ 1904ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವರ್ಣಿಸಿರುವ ಯಂತ್ರ ಆವರೆಗಿನ ಅನುಭವವನ್ನೆಲ್ಲ ಒಂದೆಡೆ ಸೇರಿಸಿದಂತಿದೆ. ಅದರಲ್ಲಿ ಗಾಜಿನ ಬಿಲ್ಲೆ ಕಬ್ಬಿಣದ ತಿರುಗುಪೀಠದ ಮೇಲೆ ನೇರವಾಗಿ ಕೂರುವುದಿಲ್ಲ, ನಡುವೆ ದಪ್ಪ ರತ್ನಗಂಬಳಿಯ ಪದರಗಳಿರುತ್ತವೆ. ಅಂಚಿನಲ್ಲಿ, ಮುಂದೆಹಿಂದೆ ಹೊಂದಿಸಬಹುದಾದ ಮೂರು ಕಬ್ಬಿಣದ ಕಮಾನುತುಂಡುಗಳು ಬಿಲ್ಲೆಯನ್ನು ಪೀಠದ ನಡುವಿಗೆ ತಂದು ನಿಲ್ಲಿಸಿ, ಜಾರದಂತೆ ತಡೆಯುತ್ತವೆ. ಹೀಗೆ ತಡೆಯುವುದಷ್ಟೇ ಅವುಗಳ ಕೆಲಸ, ಒತ್ತಿ ಹಿಡಿಯುವುದಲ್ಲ. ಇಂಥ ತಡೆಗಳಿಗೂ ಗಾಜಿಗೂ ನಡುವೆ ಕಾಗದದ ದಪ್ಪದಷ್ಟು ಸಂದಿ ಉಳಿಸುವುದು ಕನ್ನಡಿಕಾರರ ರೂಢಿ. ಪರೀಕ್ಷೆಯ ಹೊತ್ತಿಗೆ ಪೀಠವನ್ನೇ ಬಿಲ್ಲೆಯ ಸಮೇತ ನೆಟ್ಟಗೆ ಎತ್ತಿ ನಿಲ್ಲಿಸಬಹುದಾಗಿತ್ತು. ಫ್ರಾನ್ಸಿನ ಸೇಂಟ್ ಗೋಬಾನ್ ಕಾರ್ಖಾನೆ ಎರೆದ 60 ಅಂಗುಲದ ಗಾಜು ರಿಚಿಯ ಕೈಯಲ್ಲಿ ಕನ್ನಡಿಯಾಗಿ 1908ರಲ್ಲಿ ಮೌಂಟ್ ವಿಲ್ಸನ್ನಿನಲ್ಲಿ ಕೆಲಸ ಆರಂಭಿಸಿತು. ಅನಂತರದ ಹೆಜ್ಜೆಗಳು ಹೆಚ್ಚು ಪರಿಚಿತವಾದವು: 1917ರ 100 ಅಂಗುಲದ ಕನ್ನಡಿ, ಮತ್ತು 1934ರ ಡಿಸೆಂಬರಿನಲ್ಲಿ ಕಾರ್ನಿಂಗ್ ಕಾರ್ಖಾನೆ ಪೈರೆಕ್ಸ್ ಗಾಜಿನಲ್ಲಿ ಎರೆದ 200 ಅಂಗುಲದ ಕನ್ನಡಿ. ಎರಡನೆಯದರ ಬೆನ್ನು ಜೇನುಗೂಡಿನಂತೆ ಏಣುಗಳಿಂದ ಕೂಡಿದ್ದು, ಆ ಏಣುಗಳ ನಡುವಿನ 36 ಕುಳಿಗಳಲ್ಲಿ ಸನ್ನೆಯ ಆಸರೆಗಳು ಕೂರುವಂತೆ ಎರಕದ ಹಂತದಲ್ಲೇ ಯೋಜಿಸಲಾಗಿತ್ತು.

ಕರ್ನಾಟಕಕ್ಕೆ ಈ ಕಸುಬು ದೊಡ್ಡ ಪ್ರಮಾಣದಲ್ಲಿ ಬಂದದ್ದು ಭಾರತೀಯ ಖಭೌತ ಸಂಸ್ಥೆಯ ಮೂಲಕ. ತಮಿಳುನಾಡಿನ ಕಾವಲೂರಿನಲ್ಲಿರುವ, 2.34 ಮೀಟರ್ ವ್ಯಾಸದ ವೇಣು ಬಾಪು ದೂರದರ್ಶಕದ ಕನ್ನಡಿಗೆ ಸಾಣೆ ಹಿಡಿದು ಮೆರುಗು ಕೊಟ್ಟದ್ದು ಬೆಂಗಳೂರಿನಲ್ಲಿ, ಆ ಸಂಸ್ಥೆಯ ದೃಗ್ವಿಜ್ಞಾನದ ಕಾರ್ಯಾಗಾರದಲ್ಲಿ, ಎ. ಪಿ. ಜಯರಾಜನ್ ಅವರ ಮುಂದಾಳುತನದಲ್ಲಿ. ಜರ್ಮನಿಯ ಷಾಟ್ ಕಾರ್ಖಾನೆಯಿಂದ ಬಂದ ಆ ಬಿಲ್ಲೆ ಝೆರೋಡೂರ್ ಎಂಬ ಗಾಜುಪಿಂಗಾಣಿಯದು. ಬಿಸಿಲು ಚಳಿಗಳಿಗೆ ಅದು ಹಿಗ್ಗುವುದೂ ಕುಗ್ಗುವುದೂ ಇಲ್ಲವೆನ್ನುವಷ್ಟು ಅಲ್ಪ. ರಾಸ್ ಪ್ರಭುವಿನ ನೀರಿನ ತೊಟ್ಟಿ ಪರಿಹರಿಸಲು ಹೆಣಗಿದ ತೊಡಕು ಹೀಗೆ ವಸ್ತುವಿನ ಗುಣದಿಂದಲೇ ನೀಗಿತಾದರೂ, ಭಾರದಿಂದ ಬರುವ ಬಾಗು ಹಾಗೆಯೇ ಉಳಿದಿತ್ತು. 1986ರ ಜನವರಿಯಲ್ಲಿ ಉದ್ಘಾಟನೆಯಾದ ಈ ದೂರದರ್ಶಕ, ಮೂರು ದಶಕಗಳ ಅನಂತರ ದೇವಸ್ಥಲದಲ್ಲಿ 3.6 ಮೀಟರಿನದು ಬರುವವರೆಗೂ ದೇಶದ ಅತಿ ದೊಡ್ಡ ದೃಗ್ಗೋಚರ ಬೆಳಕಿನ ದೂರದರ್ಶಕವಾಗಿತ್ತು. ಇಷ್ಟು ದೊಡ್ಡ ಕನ್ನಡಿಯನ್ನು ಹೊರಗಿನಿಂದ ಸಿದ್ಧವಾಗಿ ತರಿಸದೆ ಇಲ್ಲೇ ಉಜ್ಜಲು ತೀರ್ಮಾನಿಸಿದ್ದು ಧೈರ್ಯದ ನಿರ್ಧಾರವಾಗಿತ್ತು. ಅದಕ್ಕೆ ಸಲ್ಲಬೇಕಾದ ಗೌರವ ಕನ್ನಡದ ವಿಜ್ಞಾನ ಬರವಣಿಗೆಯಲ್ಲಿ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ಈ ನಡುವೆ ಆಸರೆಯ ಕಲ್ಪನೆಯೇ ತಲೆಕೆಳಗಾಗಿತ್ತು. 1930ರ ಸುಮಾರಿಗೆ ಹ್ಯಾಂಬರ್ಗಿನ ವೀಕ್ಷಣಾಲಯದಲ್ಲಿ, ಒಂದೇ ಕೈಯಿದ್ದ ಬರ್ನ್‌ಹಾರ್ಡ್ ಷ್ಮಿಟ್, ತೆಳುವಾದ ಗಾಜಿನ ಫಲಕವನ್ನು ಪಾತ್ರೆಯೊಂದರ ಬಾಯಿಗೆ ಮುಚ್ಚಿ, ಒಳಗಿನ ಗಾಳಿಯನ್ನು ಭಾಗಶಃ ಹೊರಗೆಳೆದು ಫಲಕವನ್ನು ಬೇಕೆಂದೇ ಬಾಗಿಸಿ, ಆ ಸ್ಥಿತಿಯಲ್ಲಿ ಅದಕ್ಕೆ ಗೋಳಾಕಾರವನ್ನು ಉಜ್ಜಿದರು. ಗಾಳಿಯನ್ನು ಒಳಬಿಟ್ಟಾಗ ಫಲಕ ಚಿಮ್ಮಿ, ಕೈಯಿಂದ ಉಜ್ಜಲು ಬಹು ಕಷ್ಟವಾದ ಜಟಿಲ ಆಕಾರ ತಾನಾಗಿ ಮೂಡಿತು. ಹಿಂದಿನವರು ತಪ್ಪಿಸಲು ಹೆಣಗಿದ ಬಾಗು ಇಲ್ಲಿ ಉಪಕರಣವಾಯಿತು. ಅರ್ಧ ಶತಮಾನದ ಅನಂತರ ಕ್ಯಾಲಿಫೋರ್ನಿಯಾದ ಜೆರ್ರಿ ನೆಲ್ಸನ್ ಮತ್ತು ಜೇಕಬ್ ಲುಬ್ಲಿನರ್ ಇದನ್ನು ದೊಡ್ಡ ಕನ್ನಡಿಗಳಿಗೆ ಅಳವಡಿಸಿದರು. ಹವಾಯಿಯ ಕೆಕ್ ದೂರದರ್ಶಕದ 10 ಮೀಟರಿನ ಕನ್ನಡಿ ತಲಾ 1.8 ಮೀಟರಿನ 36 ತುಂಡುಗಳಿಂದಾದುದು. ಪ್ರತಿ ತುಂಡೂ ದೊಡ್ಡದೊಂದು ವಕ್ರಮೈಯ ಬೇರೆ ಬೇರೆ ಭಾಗವಾದ್ದರಿಂದ ಅದರ ಆಕಾರ ಗೋಳವಲ್ಲ, ತನ್ನ ನಡುವಿನ ಸುತ್ತ ಸಮವಾಗಿಯೂ ಇಲ್ಲ. ಆದ್ದರಿಂದ ದುಂಡನೆಯ ಬಿಲ್ಲೆಯ ಅಂಚಿನ ಸುತ್ತಲೂ ಸನ್ನೆಗಳನ್ನು ಜೋಡಿಸಿ, ಲೆಕ್ಕ ಹಾಕಿದಷ್ಟೇ ಬಲದಿಂದ ಅದನ್ನು ತಿರುಚಿ ಹಿಡಿದು, ಸಾಧಾರಣ ಗೋಳಾಕಾರಕ್ಕೆ ಮೆರುಗು ಕೊಟ್ಟು, ಬಲವನ್ನು ತೆಗೆದಾಗ ಬೇಕಾದ ಆಕಾರ ಬರುವಂತೆ ಮಾಡಲಾಯಿತು; ಅನಂತರವೇ ಬಿಲ್ಲೆಯನ್ನು ಆರು ಮೂಲೆಗೆ ಕತ್ತರಿಸಿದ್ದು. ಕತ್ತರಿಸಿದಾಗ ಗಾಜಿನೊಳಗಿನ ಬಿಗಿತ ಸಡಿಲಗೊಂಡು ಆಕಾರ ಮತ್ತೆ ಸ್ವಲ್ಪ ಕೆಟ್ಟದ್ದನ್ನು, ತುಂಡಿನ ಬೆನ್ನಿಗೆ ಅಳವಡಿಸಿದ ಹೊಂದಿಸಬಲ್ಲ ಸ್ಪ್ರಿಂಗುಗಳಿಂದ ತಿದ್ದಲಾಯಿತು.

ಇದೇ ವಿಧಾನ ಈಗ ಬೆಂಗಳೂರಿನ ಸಮೀಪದ ಹೊಸಕೋಟೆಗೆ ಬಂದಿದೆ. ಭಾರತವೂ ಪಾಲುದಾರನಾಗಿರುವ ಮೂವತ್ತು ಮೀಟರ್ ದೂರದರ್ಶಕದ ಕನ್ನಡಿಗೆ 492 ತುಂಡುಗಳು ಬೇಕು, ಪ್ರತಿಯೊಂದೂ ಸುಮಾರು 1.44 ಮೀಟರ್ ಅಗಲದ್ದು, ಕೇವಲ 45 ಮಿಲಿಮೀಟರ್ ದಪ್ಪದ್ದು. ಅವುಗಳಲ್ಲಿ ಭಾರತದ ಪಾಲಿನವುಗಳಿಗೆ ಮೆರುಗು ಕೊಡಲು ಖಭೌತ ಸಂಸ್ಥೆಯ ಹೊಸಕೋಟೆ ಆವರಣದಲ್ಲಿ 2020ರ ಡಿಸೆಂಬರಿನಲ್ಲಿ ಕಾರ್ಯಾಗಾರವೊಂದು ಉದ್ಘಾಟನೆಯಾಯಿತು. ಜಪಾನಿನ ಒಹಾರಾ ಕಾರ್ಖಾನೆಯ ಗಾಜುಪಿಂಗಾಣಿಯ ದುಂಡು ಬಿಲ್ಲೆಗಳನ್ನು ಅಂಚಿನ ಸನ್ನೆಗಳಿಂದ ಬಾಗಿಸಿ ಹಿಡಿದು ಉಜ್ಜುವುದು ಅಲ್ಲಿನ ಕ್ರಮ. ಕನ್ನಡಿಗಳು ವೀಕ್ಷಣಾಲಯಗಳಲ್ಲಿ ಉಳಿಯುತ್ತವೆ, ಆದರೆ ಅವುಗಳನ್ನು ಹೊತ್ತ ಪೀಠಗಳೂ ಸನ್ನೆಗಳೂ ಕೆಲಸ ಮುಗಿದೊಡನೆ ಗುಜರಿಗೆ ಹೋಗುವ ಅಪಾಯ ಯಾವಾಗಲೂ ಇದೆ. ಕಾವಲೂರಿನ ಕನ್ನಡಿಯನ್ನು ಉಜ್ಜಿದವರ ನೆನಪುಗಳನ್ನೂ ಅವರು ಬಳಸಿದ ಆಸರೆಗಳ ನಕ್ಷೆಗಳನ್ನೂ ಸಂಗ್ರಹಿಸಿ ಕನ್ನಡದಲ್ಲಿ ದಾಖಲಿಸುವ ಕೆಲಸವನ್ನು ನಾಡಿನ ವಿಶ್ವವಿದ್ಯಾಲಯಗಳೂ ವಿಜ್ಞಾನ ಸಂಗ್ರಹಾಲಯಗಳೂ ಈಗಲೇ ಕೈಗೆತ್ತಿಕೊಳ್ಳಬೇಕು.