ಒಂದು ಸಾಲಿನ ಐರ್ಲೆಂಡ್: ನಿರ್ದೇಶಕ ತತ್ವಗಳ ಪಾಠಕ್ಕೊಂದು ದಾರಿ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಆಧರಿಸಿ ದೆಹಲಿಯ ಎನ್‌ಸಿಇಆರ್‌ಟಿ ರೂಪಿಸಿದ ಪಠ್ಯಗಳಲ್ಲಿ ಐರ್ಲೆಂಡ್ ಮುಖ್ಯವಾಗಿ ಮೂರು ಕಡೆ ಬರುತ್ತದೆ. ಹತ್ತನೆಯ ತರಗತಿಯ ಇತಿಹಾಸದಲ್ಲಿ ಐರಿಷ್ ನಾಯಕ ವುಲ್ಫ್ ಟೋನ್‌ನ 1798ರ ದಂಗೆ ಮತ್ತು 1801ರಲ್ಲಿ ಬ್ರಿಟನ್ನಿನೊಡನೆ ಆದ ಬಲವಂತದ ವಿಲೀನ. ಅದೇ ಪುಸ್ತಕದ ಇನ್ನೊಂದು ಅಧ್ಯಾಯದಲ್ಲಿ ಆಲೂಗಡ್ಡೆ ಬೆಳೆ ನಾಶವಾಗಿ ಸುಮಾರು ಹತ್ತು ಲಕ್ಷ ಜನ ಸತ್ತ ಕ್ಷಾಮ. ಹನ್ನೊಂದನೆಯ ತರಗತಿಯ ರಾಜ್ಯಶಾಸ್ತ್ರದಲ್ಲಿ, ನಿರ್ದೇಶಕ ತತ್ವಗಳನ್ನು ಐರಿಷ್ ಸಂವಿಧಾನದಿಂದ ಪಡೆದೆವೆಂಬ ಒಂದು ಸಾಲು. ಇವನ್ನು ಬೆಸೆಯುವ ಪಾಠವಿಲ್ಲ. ಮಕ್ಕಳು ಪರೀಕ್ಷೆಗೆಂದು ಉರುಹೊಡೆಯುವ ಆ ಕೊನೆಯ ಸಾಲಿನಿಂದಲೇ ಬೆಸುಗೆ ಶುರುವಾಗಬೇಕೆಂಬುದು ಈ ಲೇಖನದ ವಾದ.

ಆ ಸಾಲಿನ ಹಿಂದೆ ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗ ರಾವ್ ಇದ್ದಾರೆ. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಅವರು 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ಅಲ್ಲಿನ ಸಂವಿಧಾನ ತಜ್ಞರೊಡನೆ ಚರ್ಚಿಸಿ ಬಂದರು.

ಈ ಎರವಲಿನ ಸ್ವರೂಪ ತಿಳಿಯಲು ಎರಡೂ ದೇಶಗಳ ಸಂವಿಧಾನಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. 1937ರ ಐರಿಷ್ ಸಂವಿಧಾನದ 45ನೆಯ ವಿಧಿಯಲ್ಲಿನ ಸಾಮಾಜಿಕ ನೀತಿಯ ತತ್ವಗಳು ಶಾಸಕಾಂಗಕ್ಕೆ ಮಾರ್ಗದರ್ಶಿ. ನ್ಯಾಯಾಲಯ ಅವುಗಳ ವಿಚಾರಣೆ ನಡೆಸುವಂತಿಲ್ಲ. ನಮ್ಮ 37ನೆಯ ವಿಧಿಯೂ ನ್ಯಾಯಾಲಯದ ಬಾಗಿಲನ್ನು ಮುಚ್ಚುತ್ತದೆ. ಆದರೆ ಈ ತತ್ವಗಳು ದೇಶದ ಆಡಳಿತಕ್ಕೆ ಮೂಲಭೂತವೆಂದು ಸಾರುತ್ತದೆ. ಮತ್ತೊಂದು ವ್ಯತ್ಯಾಸ ಮಕ್ಕಳಿಗೇ ಸಂಬಂಧಿಸಿದ್ದು. ಉಚಿತ ಪ್ರಾಥಮಿಕ ಶಿಕ್ಷಣವನ್ನು ಐರಿಷರು ಮೂಲಭೂತ ಹಕ್ಕುಗಳ ಭಾಗದಲ್ಲಿ, 42ನೆಯ ವಿಧಿಯಲ್ಲಿ ಇಟ್ಟರು. ನಾವು ಹದಿನಾಲ್ಕು ವರ್ಷದವರೆಗಿನ ಶಿಕ್ಷಣವನ್ನು ನಿರ್ದೇಶಕ ತತ್ವವಾಗಿಸಿ ಹತ್ತು ವರ್ಷಗಳ ಗಡುವು ಇಟ್ಟುಕೊಂಡೆವು. ಅದು ಹಕ್ಕಾಗಲು 2002ರ 86ನೆಯ ತಿದ್ದುಪಡಿ ಬರಬೇಕಾಯಿತು. ಜಾರಿಯಾದದ್ದು 2010ರ ಏಪ್ರಿಲ್ 1ರಂದು.

ದೆಹಲಿಯ ಸರ್ಕಾರಿ ಶಾಲೆಯಲ್ಲಾಗಲಿ, ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯಲ್ಲಾಗಲಿ, ಈ ಹೋಲಿಕೆಗೆ ಹೊಸ ಪುಸ್ತಕ ಬೇಕಿಲ್ಲ; ಎರಡು ಹಾಳೆ, ಎರಡು ಪಿರಿಯಡ್ ಸಾಕು. ಆದರೆ ಐರಿಷರನ್ನು ಬ್ರಿಟಿಷ್ ಆಳ್ವಿಕೆಯ ವಿರುದ್ಧದ ಹೋರಾಟದಲ್ಲಿ ನಮ್ಮ ಸಹಯಾತ್ರಿಕರೆಂದಷ್ಟೇ ಚಿತ್ರಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನು ಸಮರ್ಥಿಸಿದ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಮೈಕೆಲ್ ಓಡ್ವಯರ್ ಐರ್ಲೆಂಡಿನ ಟಿಪ್ಪರೇರಿಯವನು. ಮರುವರ್ಷ ಅದೇ ಪಂಜಾಬಿನ ಜಲಂಧರ್‌ನಲ್ಲಿ, ತಾಯ್ನಾಡಿನ ಮೇಲೆ ಬ್ರಿಟಿಷರು ನಡೆಸುತ್ತಿದ್ದ ದಬ್ಬಾಳಿಕೆಯನ್ನು ಪ್ರತಿಭಟಿಸಿ ಬ್ರಿಟಿಷ್ ಸೇನೆಯ ಕನಾಟ್ ರೇಂಜರ್ಸ್ ದಳದ ಐರಿಷ್ ಸೈನಿಕರು ದಂಗೆಯೆದ್ದರು. ಈ ಎರಡೂ ಮುಖಗಳು ತರಗತಿಗೆ ಬರಬೇಕು.

ಹೀಗೆ ಕಲಿಸಿದಾಗ ಐರ್ಲೆಂಡ್ ಎರವಲು ಪಟ್ಟಿಯ ಹೆಸರಾಗಿ ಉಳಿಯುವುದಿಲ್ಲ. ತಮ್ಮ ಶಾಲೆಯ ಹಕ್ಕು ಐವತ್ತು ವರ್ಷ ತಡವಾದದ್ದೇಕೆ ಎಂದು ಮಕ್ಕಳು ಸಂವಿಧಾನವನ್ನೇ ಮುಂದಿಟ್ಟು ಕೇಳಬಲ್ಲರು. ಪೌರನೀತಿಯ ಪಾಠ ಸಾಧಿಸಬೇಕಾದದ್ದು ಇದನ್ನೇ.