‘ಬೆನ್-ಹರ್’ ಕಥಾಗ್ರಂಥದ ಶಿರೋವಾಕ್ಯಗಳು: ಅವುಗಳ ಮೂಲವಿಚಾರ

ಕನ್ನಡ ಷಟ್ಪದೀಕಾವ್ಯಗಳನ್ನು ಓದಿದವರಿಗೆ ಸಂಧಿಯ ಮೊದಲಲ್ಲಿ ಬರುವ ಸೂಚನಾಪದ್ಯವು ಸುಪರಿಚಿತವಾದುದು. ಕುಮಾರವ್ಯಾಸನಾಗಲಿ ಲಕ್ಷ್ಮೀಶನಾಗಲಿ ಮುಂದೆ ಹೇಳಲಿರುವ ಕಥೆಯ ಸಾರವನ್ನು ಅಲ್ಲಿ ಮೊದಲೇ ತಿಳಿಸಿಬಿಡುವರು. ಪಾಶ್ಚಾತ್ಯ ಕಾದಂಬರಿಗಳಲ್ಲಿ ಅಧ್ಯಾಯದ ತಲೆಯ ಮೇಲೆ ಕಾಣಬರುವ ಶಿರೋವಾಕ್ಯವು ಮೇಲ್ನೋಟಕ್ಕೆ ಇದನ್ನೇ ಹೋಲುವುದು. ಆದರೆ ಇವೆರಡಕ್ಕೂ ಒಂದು ಮುಖ್ಯ ಭೇದವುಂಟು. ಸೂಚನೆಯು ಕವಿಯ ಸ್ವಂತ ಮಾತು. ಶಿರೋವಾಕ್ಯವು ಅನ್ಯರಿಂದ ಎರವು ತಂದ ಮಾತು. ಎರವು ತಂದ ಮಾತಿಗೆ ಹಿಂದಿನದೊಂದು ಮನೆಯಿರುವುದು. ಆ ಮನೆಯನ್ನು ಹುಡುಕಿ ನೋಡದೆ ಅದರ ಅರ್ಥವು ಪೂರ್ಣವಾಗದು.

ಮೂಲವನ್ನು ಹೆಸರಿಸುವ ಪ್ರಶ್ನೆಯು ಬಾಗಲಕೋಟೆಯ ಸೀಮೆಗೆ ಹೊಸತಲ್ಲ. ಐಹೊಳೆಯ ಮೇಗುಟಿ ಬಸದಿಯ ಕ್ರಿ. ಶ. 634ರ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸ-ಭಾರವಿಗಳ ಹೆಸರನ್ನೆತ್ತಿ ತನ್ನ ಕೀರ್ತಿಯನ್ನು ಅವರ ಕೀರ್ತಿಗೆ ಸಮಗಟ್ಟಿರುವನು. ಆ ಎರಡು ಹೆಸರುಗಳು ಆ ಕವಿಗಳ ಕಾಲದ ಕೆಳಮೇರೆಯನ್ನು ಗೊತ್ತುಮಾಡಲು ವಿದ್ವಾಂಸರಿಗೆ ದೃಢವಾದ ಆಧಾರವಾದುವು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಾದರೋ ಸೊಗಸಾದ ತ್ರಿಪದಿಗಳಿವೆ, ಕವಿಯ ಹೆಸರಿಲ್ಲ. ಹುನಗುಂದದ ಸೀಮೆಯ ಕೂಡಲಸಂಗಮವಂತೂ ಬಸವಣ್ಣನವರ ಅಂಕಿತದೊಳಗೇ ಸೇರಿ, ವಚನವು ಯಾರದೆಂಬುದಕ್ಕೆ ಮುದ್ರೆಯಾಗಿದೆ. ಹೀಗೆ ಹೆಸರಿರುವ, ಹೆಸರಿಲ್ಲದ, ಮುದ್ರೆಯುಳ್ಳ ವಾಕ್ಯಗಳನ್ನು ಬಲ್ಲ ನಮ್ಮ ವಾಚಕರಿಗೆ, ಒಂದು ಪ್ರಸಿದ್ಧ ಕ್ರೈಸ್ತ ಕಥಾಗ್ರಂಥದ ಶಿರೋವಾಕ್ಯಗಳ ಮೂಲವನ್ನು ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಆ ಗ್ರಂಥವು ಲ್ಯೂ ವಾಲೇಸ್ ಎಂಬ ಅಮೇರಿಕದ ಲೇಖಕನ ‘ಬೆನ್-ಹರ್’. ಇದು 1880ರಲ್ಲಿ ನ್ಯೂಯಾರ್ಕಿನ ಹಾರ್ಪರ್ ಸಂಸ್ಥೆಯಿಂದ ಪ್ರಕಟವಾಯಿತು. ವಾಲೇಸನು (1827–1905) ತನ್ನ ದೇಶದ ಅಂತರ್ಯುದ್ಧದಲ್ಲಿ ಸೇನಾನಿಯಾಗಿದ್ದವನು. ಗ್ರಂಥವು ಹೊರಬಂದಾಗ ನ್ಯೂ ಮೆಕ್ಸಿಕೋ ಪ್ರಾಂತದ ಗವರ್ನರನು. ತನ್ನ ಗ್ರಂಥಕ್ಕೆ ‘ಕ್ರಿಸ್ತನ ಕಥೆ’ ಎಂಬ ಉಪನಾಮವನ್ನು ಅವನೇ ಇಟ್ಟನು. ಅದರಲ್ಲಿ ಎಂಟು ಭಾಗಗಳಿವೆ. ಅವನ್ನು ಇಲ್ಲಿ ಪರ್ವಗಳೆಂದು ಕರೆಯೋಣ. ಉಪನಾಮವನ್ನು ನೋಡಿದವರು, ಪರ್ವಗಳ ತಲೆಯಲ್ಲಿ ಬೈಬಲಿನ ವಾಕ್ಯಗಳೇ ತುಂಬಿರುವುವೆಂದು ಊಹಿಸುವುದು ಸಹಜ. ವಸ್ತುಸ್ಥಿತಿಯು ಬೇರೆಯಾಗಿದೆ. ಧರ್ಮಗ್ರಂಥದ ವಾಕ್ಯವು ಬರುವುದು ಎಂಟನೆಯ ಪರ್ವದಲ್ಲಿ ಮಾತ್ರ.

ಗ್ರಂಥದ ದ್ವಾರದಲ್ಲಿ ನಿಂತಿರುವುದು ‘ಗಬಾಲಿಸ್ ಪ್ರಭು’ ಎಂಬ ಕೃತಿಯ ವಾಕ್ಯ. ಅದ್ಭುತ ಸಂಗತಿಗಳಿಗೆ ಮೊದಲು ಸಹಜವಾದ ಕಾರಣವನ್ನು ಹುಡುಕಿ, ಅದು ದೊರೆಯದಿದ್ದಾಗ ದೇವರನ್ನು ನೆನೆಯಬೇಕೆಂಬುದು ಅದರ ತಾತ್ಪರ್ಯ. ಇದು ಯಾವ ಧರ್ಮಾಚಾರ್ಯನ ಉಪದೇಶಗ್ರಂಥವೂ ಅಲ್ಲ. 1670ರಲ್ಲಿ ಮೋಂಫೋಕೋನ್ ದ ವಿಲ್ಲಾರ್ ಎಂಬ ಫ್ರೆಂಚ್ ಪಾದ್ರಿಯು ಗುಪ್ತವಿದ್ಯೆಯವರನ್ನು ಪರಿಹಾಸ್ಯಮಾಡಿ ಬರೆದ ಪುಸ್ತಕ. ಅದರ ಜತೆಗೆ ಜರ್ಮನ್ ಲೇಖಕ ಜೀನ್ ಪಾಲನ ‘ಹೆಸ್ಪೆರಸ್’ ಕಾದಂಬರಿಯಿಂದ, ಹಳೆಯ ಕಥೆಯನ್ನೇ ಮತ್ತೆ ಹೇಳುವುದರ ಸೊಗಸನ್ನು ಕುರಿತ ಮಾತು ಬಂದಿದೆ. ಮೂರು ಜ್ಞಾನಿಗಳ ಯಾತ್ರೆಯಿಂದ ಆರಂಭವಾಗುವ ಮೊದಲ ಪರ್ವಕ್ಕೆ ಮಿಲ್ಟನನ ಕ್ರಿಸ್ತಜನನಗೀತೆಯು ಒದಗಿದೆ.

ಎರಡನೆಯ ಪರ್ವವು ನಾಯಕನಾದ ಯೂದನ ತಾರುಣ್ಯವನ್ನೂ ಮೆಸ್ಸಾಲನೊಡನೆ ಅವನಿಗಾದ ವಿರಸವನ್ನೂ ಹೇಳುವುದು. ಅದರ ತಲೆಯಲ್ಲಿ ಬೈರನನ ‘ಚೈಲ್ಡ್ ಹೆರಾಲ್ಡ್’ ಕಾವ್ಯದ ಸಾಲುಗಳಿವೆ. ಎಲ್ಲೆಯೊಳಗೆ ನಿಲ್ಲಲಾರದ ಆತ್ಮದ ಬೆಂಕಿಯನ್ನು ಅವು ವರ್ಣಿಸುವುವು. 1816ರ ಮೂರನೆಯ ಸರ್ಗದಲ್ಲಿ ಆ ಮಾತು ಬಂದಿರುವುದು ನೆಪೋಲಿಯನ್ನನ ಪತನವನ್ನು ಕುರಿತ ಸಂದರ್ಭದಲ್ಲಿ. ಇದನ್ನು ಅರಿತವನಿಗೆ ಆ ಸಾಲುಗಳು ತಾರುಣ್ಯದ ಪ್ರಶಂಸೆಯಾಗಿ ಉಳಿಯದೆ ಮಹತ್ವಾಕಾಂಕ್ಷೆಗೆ ಹೇಳಿದ ಎಚ್ಚರಿಕೆಯಾಗುವುವು.

ನೌಕೆಯ ದಾಸ್ಯವನ್ನೂ ಕಡಲಕಾಳಗವನ್ನೂ ಹೇಳುವ ಮೂರನೆಯ ಪರ್ವಕ್ಕೆ ಷೇಕ್ಸ್‌ಪಿಯರನ ‘ಆಂಟನಿ ಮತ್ತು ಕ್ಲಿಯೋಪಾತ್ರ’ ನಾಟಕದಿಂದ, ಆಂಟನಿಯ ಅಂತ್ಯಕಾಲದ ಸಂಭಾಷಣೆಯನ್ನು ತೆಗೆದಿದೆ. ನಾಲ್ಕನೆಯದಕ್ಕೆ ಷಿಲ್ಲರನ ‘ಡಾನ್ ಕಾರ್ಲೋಸ್’ ನಾಟಕದಲ್ಲಿ ರಾಣಿಯು ನ್ಯಾಯಕ್ಕಾಗಿ ಕಾಯುವೆನೆಂದು ಹೇಳುವ ಮಾತು. ಐದನೆಯದು ರಥಸ್ಪರ್ಧೆಯ ಪರ್ವ. ಗ್ರಂಥದಲ್ಲಿ ಅತ್ಯಂತ ಪ್ರಸಿದ್ಧವಾದುದು. ಅಲ್ಲಿ ಜಯಘೋಷವನ್ನು ನಿರೀಕ್ಷಿಸಿದವನಿಗೆ ಷರ್ಲಿಯ ಒಂದು ಮರಣಗೀತೆ ಎದುರಾಗುವುದು. ಅರಸರೂ ಬಡವರೂ ಮಣ್ಣಿನಲ್ಲಿ ಸಮಾನರೆಂದೂ ಸಜ್ಜನರ ಕಾರ್ಯಗಳೊಂದೇ ಉಳಿಯುವುವೆಂದೂ ಆ ಗೀತದ ಅಭಿಪ್ರಾಯ. ಅದರ ಜತೆಗೆ, 1807ರಲ್ಲಿ ಪ್ರಕಟವಾದ ವರ್ಡ್ಸ್‌ವರ್ತನ ಕವಿತೆಯಿಂದ ಸಂಯಮಿಯಾದ ಯೋಧನ ಲಕ್ಷಣವನ್ನು ಸೇರಿಸಿದೆ. ಸೇಡಿನ ಗೆಲುವಿಗೆ ಮುಂಚೆಯೇ ಅದರ ಬೆಲೆಯನ್ನು ಲೇಖಕನು ಕಟ್ಟಿರುವನೆನ್ನಬೇಕು.

ಆರನೆಯ ಪರ್ವದಲ್ಲಿ ಯೂದನ ತಾಯಿಯೂ ತಂಗಿಯೂ ಸೆರೆಮನೆಯಿಂದ ಕುಷ್ಠರೋಗಿಗಳಾಗಿ ಹೊರಬರುವರು. ಅದಕ್ಕೆ ಕೋಲ್‌ರಿಜನ ಮುದಿನಾವಿಕನ ಕಾವ್ಯವನ್ನು ಆರಿಸಿದೆ. ಆ ಪ್ರಸಂಗದಲ್ಲಿ ಬದುಕಿಯೂ ಸತ್ತಂತಿರುವ ಅವಸ್ಥೆಯೊಂದು ಸ್ತ್ರೀರೂಪದಿಂದ ಬರುವುದು. ಅವಳ ಮೈಬಣ್ಣಕ್ಕೆ ಕುಷ್ಠವೇ ಉಪಮಾನ. ಆ ಸ್ತ್ರೀಗೆ ಇಟ್ಟ ಹೆಸರು 1798ರ ಮೊದಲ ಪಾಠದಲ್ಲಿಲ್ಲ; 1817ರ ಪರಿಷ್ಕೃತ ಪಾಠದಲ್ಲಿ ಸೇರಿದುದು. ಏಳನೆಯ ಪರ್ವಕ್ಕೆ ವಾಲೇಸನ ಸಮಕಾಲೀನನೂ ಸ್ವದೇಶೀಯನೂ ಆದ ಆಲ್ಡ್ರಿಚ್ ಕವಿಯ ಜಲಮೋಹಿನಿಯು ಬಂದಿರುವಳು. ಕಥೆಯಲ್ಲಿ ಈಜಿಪ್ಟಿನ ಐರಾಸಳು ಯೂದನನ್ನು ಸೆಳೆಯುವಳಾದುದರಿಂದ ಇದು ಉಚಿತವಾಗಿದೆ. ಎಂಟನೆಯದರಲ್ಲಿ ಕೀಟ್ಸನ ‘ಎಂಡಿಮಿಯನ್’ ಕಾವ್ಯದ ಶೃಂಗಾರದ ಸಾಲುಗಳೂ, ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಲಾಜರನ ಮರಣಪ್ರಸಂಗದಲ್ಲಿ ಯೇಸು ಪುನರುತ್ಥಾನವನ್ನು ಕುರಿತು ನುಡಿದ ವಾಕ್ಯವೂ ಒಂದರ ಬಳಿ ಒಂದು ನಿಂತಿವೆ.

ಈ ಕ್ರಮವು ಯಾದೃಚ್ಛಿಕವೆಂದು ತೋರುವುದಿಲ್ಲ. ಕೀರ್ತಿ, ದುಃಖ, ನ್ಯಾಯದ ನಿರೀಕ್ಷೆ, ಜಯ, ವ್ಯಾಧಿ, ಮೋಹ—ಇವೆಲ್ಲವನ್ನೂ ಲೌಕಿಕ ಕವಿಗಳ ಬಾಯಿಂದಲೇ ನುಡಿಸಿ, ಅವರ ಮಾತು ಮುಗಿದ ಎಡೆಯಲ್ಲಿ ಸುವಾರ್ತೆಯನ್ನು ತಂದಿಟ್ಟಂತಿದೆ. ಶಿರೋವಾಕ್ಯವನ್ನು ಬಳಸಿದವನು ಮೂಲಗ್ರಂಥವನ್ನು ಆದ್ಯಂತವಾಗಿ ಓದಿದ್ದನೆಂದು ಅಷ್ಟರಿಂದಲೇ ಸಾಧಿಸಲಾಗದು. ಆದರೆ ಆಯ್ಕೆಯೂ ಅನುಕ್ರಮವೂ ಅವನವೇ. ಅವುಗಳ ಹೊಣೆಯೂ ಅವನದೇ.

ಕ್ರೈಸ್ತಸಾಹಿತ್ಯವೆಂದರೆ ಬೈಬಲಿನ ಅನುವಾದ, ಉಪದೇಶಗಳಿಷ್ಟೇ ಎಂದು ಬದಿಗಿಡುವ ಅಭ್ಯಾಸವು ನಮ್ಮ ವಿದ್ವಾಂಸರಲ್ಲಿ ಇಲ್ಲದಿಲ್ಲ. ಬಾದಾಮಿಯ ಸೀಮೆಯ ಗುಳೇದಗುಡ್ಡದಲ್ಲಿಯೂ ನೆಲೆಯೂರಿದ್ದ ಬಾಸೆಲ್ ಮಿಶನ್ನಿಗೆ ಸೇರಿದ ಕಿಟ್ಟೆಲರು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತ್ರೆಯನ್ನು ಈ ನಾಡಿನ ಪದ್ಯರೀತಿಯಲ್ಲಿ ಹಾಡಿದರು. ಅಲ್ಲಿ ವಸ್ತುವು ಪರದೇಶದ್ದು, ಧಾಟಿಯು ಇಲ್ಲಿಯದು. ವಾಲೇಸನಲ್ಲಿ ವಸ್ತುವು ಸುವಾರ್ತೆಯದು, ಪ್ರವೇಶದ್ವಾರಗಳು ಲೌಕಿಕ ಕಾವ್ಯದವು. ಎರಡೂ ಕಡೆ ಧರ್ಮವು ಸಾಹಿತ್ಯದ ಋಣವನ್ನು ಒಪ್ಪಿಕೊಂಡಿದೆ. ಸಂಕ್ಷೇಪಕಾರರೂ ಅನುವಾದಕರೂ ಶಿರೋವಾಕ್ಯಗಳನ್ನು ಅಲಂಕಾರವೆಂದು ಬಗೆದು ಬಿಟ್ಟರೆ ಈ ಋಣದ ಲೆಕ್ಕವೇ ಅಳಿಸಿಹೋಗುವುದು. ಐಹೊಳೆಯ ಶಾಸನದ ಎರಡು ಹೆಸರುಗಳನ್ನು ಯಾರಾದರೂ ಅಲಂಕಾರವೆಂದು ಅಂದೇ ಕೆತ್ತಿಹಾಕಿದ್ದರೆ ನಮಗಾಗುತ್ತಿದ್ದ ನಷ್ಟವನ್ನು ಅಧ್ಯಾಪಕರು ನೆನೆಯಲಿ. ಪಾಠವನ್ನು ಶಿರೋವಾಕ್ಯದಿಂದಲೇ ತೊಡಗಲಿ.